ಔಡಲೆಣ್ಣಿ ಹಚ್ಚಿದ ಕಾಫಿ

ನಮ್ಮ ಕಡೆ ಕಾಫಿ ಅಂದ್ರ ಬ್ಯಾರೆಯವರ ಮನಿ ಸುದ್ದಿ. ನಮ್ಮದೇನಿದ್ರೂ ಚಹಾ. ಮುಂಜಾನಿ ಎದ್ದ ಕೂಡಲೆ ಚಹಾ, ಬೀಗರು ಬಂದ್ರ ಚಹಾ, ಬಸ್ಸು ತಪ್ಪಿದ್ರ ಚಹಾ, ಜಗಳಾಡಿ ಸುಸ್ತಾದ್ರೂ ಚಹಾನ. ಅಂಥಾ ಊರಾಗ, ಕಲಘಟಗಿಯಿಂದ ಅಡವಿ ಕಡೆ ಹೋಗೂ ಹಾದಿಗಿರೂ ನಮ್ಮ ಹೊಲದಾಗ, ನಾನು ಹದಿನಾಲ್ಕು ಕಾಫಿ ಗಿಡ ತಂದು ಹಚ್ಚಿದೆ. ನಮ್ಮ ಭಾವನವರು, ಅಂದ್ರ ನನ್ನ ಗಂಡನ ಅಣ್ಣ, ಬದುವಿನ ಮ್ಯಾಲೆ ನಿಂತು ನೋಡಿ, ಇದರ ಬುಡಕ್ಕ ಹಾಲು ಸಕ್ರಿನೂ ನೀನ ಹಾಕಬೇಕಾಗ್ತೈತಿ ನೋಡವಾ ಅಂತ ಚಾಷ್ಟಿ ಮಾಡಿದ್ರು. ನಾನು ಸಿಟ್ಟಿಲೆ ಅವರ ಮಾರಿ ಸುದ್ದಾ ನೋಡಲಿಲ್ಲ.

ನಾನು ಹೈಸ್ಕೂಲಿನ್ಯಾಗ ವಿಜ್ಞಾನ ಕಲಸೂ ಟೀಚರ್. ಕಲಸೂದು ಛಲೋ ಕಲಸ್ತೀನಿ, ಆದ್ರ ಹುಡುಗರು ಬೋರ್ಡ್ ನೋಡಿ ಬರಕೊಳ್ಳೂತನಾನೂ ನನಗ ನಿಂತಲ್ಲೆ ನಿಂದ್ರಾಕ ಆಗೂದಿಲ್ಲ, ಕಿಡಕಿಯಿಂದ ಬಾಗಲಕ್ಕ, ಬಾಗಲದಿಂದ ಕಿಡಕಿಗೆ ಅಡ್ಡಾಡ್ತಿರತೀನಿ. ನಮ್ಮ ಮನಿಯವರು ಹುಬ್ಬಳ್ಳ್ಯಾಗ ಆಫೀಸಿಗೆ ಹೋಗ್ತಾರ. ಅವರು ಕುರ್ಚಿ ಸಿಕ್ಕರ ನಾಕು ತಾಸು ಅಲ್ಲಾಡದ ಕೂಡೂ ಮನಷ್ಯಾ. ನಮ್ಮ ಲಗ್ನ ಜೋಡಿಸಿದವರು ಯಾರೋ ಅಂತ ನಾನು ಆಗಾಗ ವಿಚಾರ ಮಾಡ್ತೀನಿ.

ಗಿಡ ಸಿಕ್ಕಿದ್ದು ಹಿಂಗ. ಒಂದು ರಜಾದಾಗ ನಾವು ಟೀಚರ್‌ಗಳೆಲ್ಲಾ ಕೂಡಿ ಕೊಡಗಿನ ಕಡೆ ಟ್ರಿಪ್ ಹೋಗಿದ್ವಿ. ಉಳಿದವರು ಜೇನುತುಪ್ಪಾ, ಮಸಾಲಿ ಸಾಮಾನು ಅಂತ ಅಂಗಡಿ ಹೊಕ್ಕರು. ನನಗ ಅಂಗಡ್ಯಾಗ ನಿಂದ್ರೂ ತಾಳ್ಮಿ ಎಲ್ಲಿದು? ಬಾಜುಕಿನ ಒಂದು ಸಸಿ ತೋಟಕ್ಕ ನಡದುಬಿಟ್ಟೆ. ಅದರ ಬೇಲಿಗುಂಟ ದೊಡ್ಡ ಮರ ನಿಂತಿತ್ತು. ಹಲಸಿನ ಎಲಿಗಿಂತ ಅಗಲ ಎಲಿ, ಕೊಂಬಿಗೆಲ್ಲಾ ಕೆಂಪು ಹಣ್ಣು. ಇದ್ಯಾವ ಮರಾರಿ ಅಂತ ಕೇಳಿದ್ರ ತೋಟದ ಮುದುಕರು ಕಾಫಿ ಅಂದ್ರು. ಮಣಕಾಲುದ್ದ, ಎದಿಮಟ್ಟ ಇರೂ ಕಾಫಿ ಗಿಡಾನ ನಾನು ಅಷ್ಟೊತ್ತನಕ ನೋಡಿದ್ದು. ಸುಳ್ಳ ಹೇಳ್ತಾರಂತ ಅನಿಸಿತು.

ಅವರು ಸಮಾಧಾನದಿಂದ ತಿಳಿಸಿ ಹೇಳಿದ್ರು. ಇದಕ್ಕ ಮರಗಾಫಿ ಅಂತಾರ, ಕಾಫಿ ಬಲ್ಲವರು ಎಕ್ಸೆಲ್ಸಾ ಅಂತಾರ. ಉಳಿದ ಕಾಫಿಗಳಂಗ ಇದು ಎತ್ತರದ ಗುಡ್ಡ, ತಂಪು ಹವಾ ಬೇಡೂದಿಲ್ಲ, ತಗ್ಗಿನ ನೆಲದಾಗ, ಬಿಸಲಾಗನೂ ತಡಕೊಂಡು ಬರತೈತಿ. ಆದ್ರ ಮರದಂಗ ಬೆಳೀತೈತಿ, ಏಣಿ ಹಚ್ಚಿ ಹಣ್ಣು ಬಿಡಸಬೇಕು, ಹಣ್ಣಿನ ಸಿಪ್ಪಿ ದಪ್ಪ, ಕೆಲಸ ಭಾಳ. ಅದಕ್ಕ ಎಲ್ಲಾರೂ ಕಡದು ಹಾಕಿದ್ರು. ಈಗ ಇದರ ರುಚಿ ಹುಡುಕಿಕೊಂಡು ಬರೂ ಮಂದಿ ಒಬ್ಬೊಬ್ಬರು ಅದಾರ, ಆದ್ರ ಮರಾನ ಉಳದಿಲ್ಲ. ಹಂಗಂತ ಹೇಳಿ ಅವರು ಆ ಮರದ ಕಡೆ ನೋಡಿದ ರೀತಿಗೆ ನನಗ ತಡಕೊಳ್ಳಾಕ ಆಗಲಿಲ್ಲ. ಇದ್ದಬದ್ದ ಸಸಿ ಕೊಡ್ರಿ ಅಂದೆ. ಹದಿನಾಲ್ಕು ಇದ್ದವು. ಬಸ್ಸಿನ್ಯಾಗ ಉಳಿದ ಟೀಚರ್‌ಗಳ ಸೀರಿಗೆಲ್ಲಾ ಮಣ್ಣು ಮೆತ್ತಿ, ಊರು ಮುಟ್ಟೂತನಾ ಅವರ ಕಡಿಂದ ಬೈಸಿಕೊಂಡೆ.

ನಮ್ಮ ಹೊಲದ ಹಳ್ಳದ ಬಾಜು ಹಳೇ ಮಾವಿನ ಗಿಡದ ಸಾಲು ಐತಿ. ಅದರ ನೆಳ್ಳಾಗ ಹಚ್ಚಿದೆ. ಮುಂಜಾನಿ ಆರಕ್ಕ ಹೊಲಕ್ಕ ಹೋಗಿ ನೀರು ಹಾಕಿ, ಮನಿಗೆ ಬಂದು ರೊಟ್ಟಿ ಬಡದು, ಬಸ್ಸು ಹಿಡದು ಸಾಲಿಗೆ ಹೋಗ್ತಿದ್ದೆ. ಮೂರು ಗಿಡ ಸತ್ತವು. ಒಂದನ್ನ ಆಡು ತಿಂತು, ಒಂದಕ್ಕ ಗೆದ್ದಲ ಹತ್ತಿತು. ಮೂರನೇದ್ದು ಬೇರು ಬಿಟ್ಟೈತೋ ಇಲ್ಲೋ ನೋಡೂಣು ಅಂತ ನಾನ ಎರಡು ಸಲ ಕಿತ್ತು ನೋಡಿದೆ, ಸಾಯದ ಏನ ಮಾಡೀತು? ವಿಜ್ಞಾನದ ಟೀಚರ್ ಮಾಡೂ ಕೆಲಸೇನು ಅದು! ಉಳಿದ ಹನ್ನೊಂದು ಗಿಡ ಮಾತ್ರ ಗಟ್ಟಿ ಇದ್ದವು. ಎರಡನೇ ಬ್ಯಾಸಗಿಗೆ ನನ್ನ ಮಣಕಾಲು ದಾಟಿದ್ವು, ಮೂರನೇದ್ದಕ್ಕ ನನ್ನ ತಲಿ.

ಹೂವು ಬಿಡಾಕ ನಾಕು ವರ್ಷ ತಗೊಂಡ್ವು. ಒಂದು ಅಡ್ಡಮಳಿ ಹೊಡದು ಎಂಟು ದಿನಕ್ಕ ಕೊಂಬಿ ತುಂಬ ಬಿಳೀ ಹೂವು, ಮಲ್ಲಿಗಿ ದಂಡಿ ಕಟ್ಟಿದಂಗ. ಜೇನು ಹುಳದ ಗದ್ದಲಕ್ಕ ಹಳ್ಳದ ಸಪ್ಪಳ ಕೇಳವಲ್ದು. ಇನ್ನೇನು ಎರಡು ಮೂರು ತಿಂಗಳಾಗ ಹಣ್ಣು ಅಂದುಕೊಂಡ್ರ, ಈ ಗಿಡದ ಕಾಯಿ ಹಣ್ಣಾಗಾಕ ಹತ್ತಿರ ಹತ್ತಿರ ಒಂದು ವರ್ಷ ಬೇಕಂತ! ನನ್ನ ತಾಳ್ಮಿ ಪರೀಕ್ಷಾ ಮಾಡಾಕಂತನ ದೇವರು ಇದನ್ನ ಹುಟ್ಟಿಸಿರಬೇಕು. ದಿನಾ ಹೋಗಿ ಕಾಯಿ ಹಿಚುಕಿ ನೋಡ್ತಿದ್ದೆ, ಹಿಚುಕಿದ್ದು ಉದುರಿ ಬೀಳ್ತಿತ್ತು.

ಆ ಮೊದಲನೇ ಸಲ ಸಿಕ್ಕಿದ್ದು ಎರಡು ಬೊಗಸಿ ಹಣ್ಣು. ಒಣಗಿಸಿ, ಸಿಪ್ಪಿ ಕುಟ್ಟಿ ತಗದು, ಕಬ್ಬಿಣದ ಬಾಣಲ್ಯಾಗ ಹುರದೆ. ಒರಳಾಗ ಕುಟ್ಟಿ, ಕಾಯಿಸಿದ ನೀರು ಹಾಕಿ, ಅರಿವಿಲೆ ಸೋಸಿದೆ. ಅಡಗಿ ಮನ್ಯಾಗ ಇದ್ದವರು ನಾನು ಮತ್ತ ನಮ್ಮ ಅತ್ತಿ, ಇಬ್ಬರ. ಹಾಲಿಲ್ಲ, ಸಕ್ರಿ ಇಲ್ಲ. ನಾನು ಒಂದು ಗುಟುಕು ತಗೊಂಡೆ. ಮೊದಲ ಹುಣಸಿಹಣ್ಣಿನಂಥಾ ಹುಳಿ, ಆಮ್ಯಾಲೆ ಕಹಿ, ಕಹಿ ಇಳದ ಮ್ಯಾಲೆ ನಾಲಗಿ ಮ್ಯಾಲೆ ಏನೋ ಸಿಹಿ ಉಳೀತು, ಅಗದಿ ಸಣ್ಣಗ. ಇದೇನಿದು, ಎಲ್ಲೋ ಗುರುತಿನ ವಾಸನಿ ಅಂತ ನಾನು ತಲಿ ಕೆಡಿಸಿಕೊಂಡ್ರ, ಅತ್ತಿ ಬಸಿಯಾಗಿಂದು ಒಂದು ಗುಟುಕು ಕುಡದು ಕಣ್ಣ ಮುಚ್ಚಿ, "ಪಡಸಾಲ್ಯಾಗ ಹಲಸಿನ ಹಣ್ಣು ಇಟ್ಟು ಮರತಂಗಾತು ನೋಡು" ಅಂದ್ರು. ಅದ, ಅಗದಿ ಅದ. ನಾನು ಪುಸ್ತಕ ಹಿಡಕೊಂಡು ಹುಡುಕಿದ್ರೂ ಸಿಗತಿರಲಿಲ್ಲ.

ಅತ್ತಿ ಬಗ್ಗೆ ಇಲ್ಲಿ ಹೇಳಬೇಕು. ಎಪ್ಪತ್ತು ದಾಟ್ಯಾರ. ಹಣಿಗೆ ವಿಭೂತಿ ಹಚ್ಚದ, ಕೊರಳಾಗಿನ ಲಿಂಗಕ್ಕ ಪೂಜಾ ಮಾಡದ ನೀರು ಮುಟ್ಟೂದಿಲ್ಲ. ಸಾಲಿ ಕಲತಿಲ್ಲ, ಆದ್ರ ಕಾಳುಕಡಿ ಕಾಯೂದ್ರಾಗ ನಮ್ಮ ಓಣ್ಯಾಗ ಅವರನ್ನ ಮೀರಿಸಿದವರಿಲ್ಲ. ತೊಗರಿ, ಹೆಸರು, ಅಲಸಂದಿ ಯಾವುದಿರ್ಲಿ, ಒಣಗಿಸಿ, ಅಂಗೈಗೆ ಔಡಲೆಣ್ಣಿ, ಅಂದ್ರ ಹರಳೆಣ್ಣಿ, ಹಚ್ಚಿಕೊಂಡು ಕಾಳಿಗೆಲ್ಲಾ ಸವರಿ, ಮತ್ತ ಒಂದು ದಿನ ಬಿಸಲಿಗೆ ಹಾಕಿ, ಬೇವಿನ ತಪ್ಪಲ ಜೋಡಿ ಮಣ್ಣಿನ ಹರವ್ಯಾಗ ತುಂಬಿ ಇಟ್ರಂದ್ರ ಮುಂದಿನ ಸುಗ್ಗಿತನಾ ಒಂದು ಹುಳ ಹತ್ತೂದಿಲ್ಲ. ಯಾರ ಮನ್ಯಾಗ ಕಾಳು ಕೆಟ್ಟರೂ ಹೆಣ್ಣಮಕ್ಕಳು ನಮ್ಮ ಕಟ್ಟಿಗೆ ಬರ್ತಿದ್ರು, ಅತ್ತಿ ಒಂದು ಕಾಳು ಹಲ್ಲಿಗೆ ಹಾಕಿ ಕಡದು, ಇದಕ್ಕ ಇಷ್ಟು ಬಿಸಲು ಕಡಿಮಿ ಆಗೇತಿ ಅಂತ ಹೇಳಿ ಕಳಸ್ತಿದ್ರು. ಅದು ಅವರ ದೊಡ್ಡಸ್ತಿಕಿ. ಅವರು ಅದನ್ನ ದೊಡ್ಡಸ್ತಿಕಿ ಅಂತ ಅಂದುಕೊಂಡಿರಲಿಲ್ಲ.

ಮರುವರ್ಷ ಹನ್ನೊಂದು ಗಿಡಾನೂ ಮೈತುಂಬ ಕಾಯಿ ಹಿಡದ್ವು. ಆವಾಗ ಭಾವನವರ ತಕರಾರು ಸುರು ಆತು. ಮೋಸದ ಮನಷ್ಯಾ ಅಲ್ಲ, ಹೊಲ ಮಾಡೂದು ಅವರ ಒಬ್ಬರ, ಬೆವರು ಅವರದು. ಆ ಕಡೆ ಎಲ್ಲಾ ಕಬ್ಬು ಹಚ್ಚೂ ವಿಚಾರ ಮಾಡಿದ್ರು. ಕಬ್ಬಿನ ಟ್ರ್ಯಾಕ್ಟರ್ ತಿರಗಾಕ ಜಾಗಾ ಬೇಕು, ನನ್ನ ಗಿಡ ಅಗದಿ ಆ ತಿರುವಿನ್ಯಾಗ. ನಮ್ಮ ಮನಿಯವರನ್ನ ಕೇಳಿದ್ರ, ನಿಮ್ಮಿಬ್ಬರ ನಡುವ ನನ್ನ ಎಳೀಬ್ಯಾಡ್ರಿ ಅಂತ ಪೇಪರ್ ಅಡ್ಡ ಹಿಡದ್ರು. ಕಡೀಕ ಭಾವನವರು ತಾವ ಒಂದು ಮಾತಿಗೆ ಬಂದ್ರು. ಕಾಫಿ ಬಲ್ಲವರ ಕಡಿಂದ ಈ ಸಲದ ಬೆಳಿ ರುಚಿ ನೋಡಸು, ಅವರು ಛಲೋ ಐತಿ ಅಂದ್ರ ಗಿಡಕ್ಕ ನಾನು ಕೈ ಹಚ್ಚೂದಿಲ್ಲ, ಟ್ರ್ಯಾಕ್ಟರ್ ಬ್ಯಾರೆ ಕಡೆ ತಿರಗಲಿ. ಇಲ್ಲಂದ್ರ ಮಳಿಗಾಲಕ್ಕಿಂತ ಮೊದಲ ಜೆಸಿಬಿ ತರಸ್ತೀನಿ. ನಾನು ಆಗಲಿ ಅಂದೆ.

ಆ ಕೊಡಗಿನ ಮುದುಕರಿಗೆ ಫೋನ್ ಮಾಡಿದೆ. ಅವರ ಗುರುತಿನ ಒಬ್ಬ ಹೆಣ್ಣಮಗಳು ಕಾಫಿ ರುಚಿ ನೋಡೂದ ಕೆಲಸ ಮಾಡಿಕೊಂಡಿದ್ರು. ಏಪ್ರಿಲ್ ಕಡೀಕ ಅವರು ಹುಬ್ಬಳ್ಳಿ ಮ್ಯಾಲೆ ಹಾದು ಹೋಗೋರಿದ್ರು, ಮರಗಾಫಿ ಅಂದ ಕೂಡಲೆ ನಿಮ್ಮ ಮನಿಗೇ ಬರ್ತೀನಿ, ಹಣ್ಣು ಸಿಪ್ಪೀ ಸಮೇತ ಒಣಗಿಸಿ ಇಡ್ರಿ, ಒಡೀಬ್ಯಾಡ್ರಿ ಅಂದ್ರು. ನಾನು ಏಣಿ ಹಚ್ಚಿ, ಕೆಂಪಗಾದ್ದನ್ನಷ್ಟ ಆರಿಸಿ ಆರಿಸಿ ಬಿಡಿಸಿದೆ. ಮಾಳಗಿ ಮ್ಯಾಲೆ ತಾಡಪತ್ರಿ ಹಾಸಿ ಹರವಿದೆ. ತಾಸಿಗೊಮ್ಮೆ ಕೈಯಾಡಿಸಬೇಕು, ಸಂಜಿಗೆ ಮುಚ್ಚಬೇಕು. ಸಾಲ್ಯಾಗ ಇದ್ರೂ ಜೀವ ಮಾಳಗಿ ಮ್ಯಾಲೆ. ಒಂದು ಮೋಡ ಕಂಡ್ರ ಸಾಕು, ಪಾಠ ಬಿಟ್ಟು ಅತ್ತಿಗೆ ಫೋನ್ ಮಾಡ್ತಿದ್ದೆ. ಹುಡುಗರು ನಕ್ಕೋತ, ಟೀಚರ್ ಕಾಫಿ ತೋಯ್ತೇನ್ರಿ ಅಂತ ಕೇಳೂ ಹಂಗ ಆಗಿತ್ತು.

ಹಣ್ಣೆಲ್ಲಾ ಒಣಗಿ ಕರ್ರಗಾಗಿ, ಅಲ್ಲಾಡಿಸಿದ್ರ ಒಳಗ ಕಾಳು ಗಲಗಲ ಅನ್ನೂ ಹೊತ್ತಿಗೆ ನನಗ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದೂ ಡ್ಯೂಟಿ ಬಂತು, ಬೆಳಗಾವಿಗೆ, ಹತ್ತು ದಿನ. ಬುಟ್ಟ್ಯಾಗ ತುಂಬಿ, ಮ್ಯಾಲೆ ಅರಿವಿ ಮುಚ್ಚಿ, ಅತ್ತೀ ಇದನ್ನ ಸ್ವಲ್ಪ ನೋಡಕೋರಿ ಅಂತ ಹೇಳಿ ಹ್ವಾದೆ. ನೋಡಕೋರಿ ಅಂತ ನಾನ ಹೇಳಿದ್ದು. ಅದನ್ನ ಆಮ್ಯಾಲೆ ನೆನಸಿಕೊಂಡೆ.

ಹತ್ತು ದಿನದ ಮ್ಯಾಲೆ ಬಂದು ಚಪ್ಪಲ್ಲಿ ಬಿಡೂಕಿಂತ ಮೊದಲ ಬುಟ್ಟಿ ಹುಡುಕಿದೆ. ಬುಟ್ಟಿ ಖಾಲಿ. ಅತ್ತಿ ಖುಷಿಯಿಂದ ಕೈ ಹಿಡದು ಉಗ್ರಾಣಕ್ಕ ಕರಕೊಂಡು ಹೋಗಿ ಹರವಿ ಮುಚ್ಚಳ ತಗದು ತೋರಿಸಿದ್ರು. ಕಾಯಿ ಎಲ್ಲಾ ಮಿರಿ ಮಿರಿ ಮಿಂಚಾಕ ಹತ್ತಿದ್ವು. ನಡು ನಡುವ ಬೇವಿನ ತಪ್ಪಲ. ಔಡಲೆಣ್ಣಿ ವಾಸನಿ ಗಪ್ಪನ ಮೂಗಿಗೆ ಹೊಡೀತು. ಬುಟ್ಟಿ ತಳದಾಗ ಒಂದು ಹುಳ ಕಂಡಿತ್ತಂತ, ನೀ ಬರೂತನಾ ಹಾಳಾಗಬಾರ್ದಂತ ಎರಡು ದಿನ ಕುಂತು ಒಂದೊಂದ ಕಾಯಿಗೆ ಎಣ್ಣಿ ಸವರಿದ್ನಿ ಅಂತ ಹೇಳಿದ್ರು.

ಕಾಫಿ ಎಲ್ಲಾ ವಾಸನಿ ಹೀರತೈತಿ, ಬಾಜುಕ ಉಳ್ಳಾಗಡ್ಡಿನೂ ಇಡಬ್ಯಾಡ್ರಿ ಅಂತ ರುಚಿ ನೋಡೋರ ಕಡಿಂದ ಫೋನಿನ್ಯಾಗ ಕೇಳಿ ಕೇಳಿ ತಲಿ ತುಂಬಿತ್ತು.

"ಇದೇನು ತೊಗರಿ ಅಂತ ತಿಳಕೊಂಡ್ರೇನ್ರಿ? ಆರು ವರ್ಷದ್ದು ಎರಡ ದಿನದಾಗ ಹಾಳ ಮಾಡಿ ಕುಂತೀರಿ. ತಿಳೀದಿದ್ದಕ್ಕ ಯಾಕ ಕೈ ಹಾಕ್ತೀರಿ ನೀವು?"

ಇಷ್ಟ ಅಲ್ಲ, ಇನ್ನೂ ಅಂದೆ. ಬರೀಲಾರೆ. ಅತ್ತಿ ತಮ್ಮ ಅಂಗೈ ನೋಡಿಕೊಂಡು, ಅದನ್ನ ಸೆರಗಿಗೆ ಒರಸಿಕೊಂಡ್ರು. ಕೈಗೆ ಆವಾಗ ಎಣ್ಣಿ ಇರಲಿಲ್ಲ. ಮನ್ಯಾಗ ಬ್ಯಾರೆ ಯಾರೂ ಇರಲಿಲ್ಲ, ಅದೊಂದು ಪುಣ್ಯಾ ಅಂತ ನಾನು ಆಗ ಅಂದುಕೊಂಡೆ.

ರುಚಿ ನೋಡೋರು ಬರಾಕ ಐದು ದಿನ ಉಳದಿತ್ತು. ಸುಮ್ನ ಕೂಡೂ ಹೆಂಗಸು ಆಗಿದ್ರ ಕುಂತಿರತಿದ್ಳು. ನಾನು ಮರುದಿನ ಹಂಡೇದಾಗ ನೀರು ಕಾಯಿಸಿ, ಸೀಗಿಪುಡಿ ಕಲಸಿ, ಅಷ್ಟೂ ಕಾಯಿ ಅದ್ರಾಗ ಸುರವಿದೆ. ತಲಿಗೆ ಎಣ್ಣಿ ಹಚ್ಚಿದ್ರ ಸೀಗಿಲೆ ತೊಳೀತೀವಲ್ಲ, ಇದಕ್ಕೂ ಹಂಗ ಅಂತ ನನ್ನ ಲೆಕ್ಕ. ಭಾವನವರು ಹೊಲಕ್ಕ ಹೋಗಿದ್ರು, ನಮ್ಮ ಮನಿಯವರು ಹುಬ್ಬಳ್ಳಿಗೆ. ಅತ್ತಿ ಹಿತ್ತಲ ಬಾಗಲದಾಗ ಬಂದು ನಿಂತ್ರು. ಹಿಂದಿನ ದಿನದ ಬೈಗಳ ಆದ ಮ್ಯಾಲೆ ಅವರು ನನ್ನ ಜೋಡಿ ಆಡಿದ್ದು ಅದ ಮೊದಲನೇ ಮಾತು.

"ಒಣಗಿದ್ದನ್ನ ಮತ್ತ ತೋಯಿಸಬ್ಯಾಡವಾ. ಮುಗ್ಗಲು ಹಿಡೀತೈತಿ."

ನಾನು ತಿರುಗಿ ಸುದ್ದಾ ನೋಡಲಿಲ್ಲ. ತಿಕ್ಕಿ ತಿಕ್ಕಿ ಮೂರು ನೀರಾಗ ತೊಳದೆ. ಅವತ್ತ ಮಧ್ಯಾಹ್ನ ಮೋಡ ಆತು. ಮರುದಿನಾನೂ ಬಿಸಲು ಬರಲಿಲ್ಲ, ಸಣ್ಣಗ ಹನಿ. ಭಾವನವರ ಕಣ್ಣಿಗೆ ಬೀಳದಂಗ ಉಗ್ರಾಣದಾಗ ಫ್ಯಾನ್ ಹಚ್ಚಿ ಹರವಿದೆ, ಕೂಡಲಿಲ್ಲ ನಿಂದ್ರಲಿಲ್ಲ, ಅದನ್ನ ತಿರುವಿಕೋತ ಅಡ್ಡಾಡಿದೆ. ಮೂರನೇ ದಿನ ಬಿಸಲು ಬಿತ್ತು, ಒಣಗಿತು. ಔಡಲೆಣ್ಣಿ ವಾಸನಿ ಹೋಗಿತ್ತು. ಗೆದ್ದೆ ಅಂತ ತಿಳಕೊಂಡೆ.

ರುಚಿ ನೋಡೋರು ಮುಂಜಾನಿ ಹತ್ತರ ಬಸ್ಸಿಗೆ ಬಂದ್ರು. ನನಗಿಂತ ಸಣ್ಣ ವಯಸ್ಸಿನವರು, ಮಾತು ಮೆತ್ತಗ, ದಕ್ಷಿಣದ ಕಡೆಯವರ ಧಾಟಿ. ಹೊಲಕ್ಕ ಹೋಗಿ ಹನ್ನೊಂದೂ ಗಿಡದ ಎಲಿ ಮುಟ್ಟಿ ಮುಟ್ಟಿ ನೋಡಿದ್ರು. ಭಾವನವರು ಹಿಂದಿಂದ ಕೈ ಕಟ್ಟಿಕೊಂಡು ಅಡ್ಡಾಡಿದ್ರು. ಆಮ್ಯಾಲೆ ಎಲ್ಲಾರೂ ಪಡಸಾಲ್ಯಾಗ ಕುಂತ್ವಿ. ಅವತ್ತ ರಜಾ ಇತ್ತು, ನಮ್ಮ ಮನಿಯವರೂ ಇದ್ರು. ಅತ್ತಿ ಕಂಬಕ್ಕ ಆತುಕೊಂಡು ಕುಂತಿದ್ರು.

ಆ ಹೆಣ್ಣಮಗಳು ಕಾಯಿ ಒಡದ್ರು, ಸಿಪ್ಪಿ ಒಂದು ಕಡೆ, ಕಾಳು ಒಂದು ಕಡೆ. ಸಿಪ್ಪಿ ಮೂಸಿದ್ರು, ಕಾಳು ಮೂಸಿದ್ರು. ಮಾರಿ ಮ್ಯಾಲೆ ಏನೂ ತೋರಸಲಿಲ್ಲ. ಸಣ್ಣ ಯಂತ್ರದಾಗ ಹುರದು, ಕೈಯಿಂದ ತಿರುವಿ ಪುಡಿ ಮಾಡಿ, ಐದು ಬಟ್ಟಲದಾಗ ಹಾಕಿ ಬಿಸಿನೀರು ಸುರವಿ ಬಿಟ್ಟರು. ಮ್ಯಾಲೆ ಕೆನಿ ಕಟ್ಟಿತು. ಚಮಚಾಲೆ ಅದನ್ನ ಸರಿಸಿ, ಮೂಗು ಹತ್ತಿರ ಒಯ್ದು, ಚಮಚದಾಗಿಂದು ಸೊರ್ರಂತ ಎಳದ್ರು. ಹಂಗ ಸಪ್ಪಳ ಮಾಡಿ ಕುಡದ್ರ ನಮ್ಮ ಕಡೆ ಹುಡುಗರಿಗೆ ಬೆನ್ನಿಗೆ ಬೀಳ್ತೈತಿ. ಭಾವನವರಿಗೆ ನಗು ತಡೀಲಿಲ್ಲ, ಕೆಮ್ಮಿದಂಗ ಮಾಡಿದ್ರು. ನಾನು ಕೂಡಲಾರದ ಎದ್ದು ನಿಂತೆ, ಮತ್ತ ಕುಂತೆ. ಅವರು ಐದೂ ಬಟ್ಟಲ ನೋಡಿದ್ರು, ಎರಡೆರಡು ಸಲ.

ಆಮ್ಯಾಲೆ ಚಮಚಾ ಕೆಳಗಿಟ್ಟು, ಕಾಯಿಗೆ ಎಣ್ಣಿ ಹಚ್ಚಿದ್ದರೇನು ಅಂತ ಕೇಳಿದ್ರು. ನಾನು ಹೂಂ ಅಂದೆ. ಅದು ನಡೀತಿತ್ತು ಅಂದ್ರು. ಎಣ್ಣಿ ಸಿಪ್ಪಿ ಮ್ಯಾಲೆ ನಿಂತೈತಿ, ಸಿಪ್ಪಿ ದಪ್ಪ, ಕಾಳಿಗೆ ಮುಟ್ಟಿಲ್ಲ, ಸಿಪ್ಪಿ ಹೆಂಗೂ ತಗದು ಚೆಲ್ಲೂದು.

"ಇದು ನೀರಿನ ವಾಸನೆ. ಪೂರ್ತಿ ಒಣಗಿದ ಮೇಲೆ ಮತ್ತೆ ನೆನೆದಿದೆ, ಒಳಗೆ ಮುಗ್ಗಲು ಬಂದಿದೆ. ಕೆಳಗೆ ಏನೋ ಒಳ್ಳೇ ರುಚಿ ಇದೆ ಅನ್ನಿಸುತ್ತೆ, ಆದರೆ ನನಗೆ ಅದು ಸಿಗ್ತಾ ಇಲ್ಲ. ಯಾರು ತೊಳೆದಿದ್ದು?"

ಒಂದ ಒಂದು ಕಾಯಿ ಒಡದು ಒಳಗಿನ ಕಾಳು ಮೂಸಿ ನೋಡಿದ್ರ ಮುಗೀತಿತ್ತು. ಇಪ್ಪತ್ತು ವರ್ಷದಿಂದ ಹುಡುಗರಿಗೆ, ಮೊದಲ ನೋಡ್ರಿ, ಆಮ್ಯಾಲೆ ಹೇಳ್ರಿ ಅಂತ ಕಲಿಸಿದವಳು ನಾನು. ನೋಡದ ಅತ್ತಿಗೆ ಬೈದೆ, ನೋಡದ ತೊಳದೆ. ಭಾವನವರು ನನ್ನ ಮಾರಿ ನೋಡಾಕ ಹತ್ತಿದ್ರು. ಇನ್ನ ಗಿಡ ಹೋದ್ವು ಅಂತ ಖಾತ್ರಿ ಆತು.

ಅಷ್ಟ್ರಾಗ ಕಂಬದ ಕಡಿಂದ ಅತ್ತಿ ಮಾತಾಡಿದ್ರು.

"ನಾನ ತೊಳದ್ನಿರಿ. ಎಣ್ಣಿ ಹಚ್ಚಿದ್ದೂ ನಾನ, ತೊಳದದ್ದೂ ನಾನ. ಸೊಸಿ ಊರಾಗ ಇರಲಿಲ್ಲ."

ದನಿ ಒಂಚೂರೂ ನಡಗಲಿಲ್ಲ. ನಾನು ಅವರ ಕಡೆ ನೋಡಿದೆ, ಅವರು ನನ್ನ ಕಡೆ ನೋಡಲಿಲ್ಲ. ಭಾವನವರು ನಕ್ಕುಬಿಟ್ರು. ನಮ್ಮವ್ವನ ಕೈ ತಪ್ಪಿದ್ದಕ್ಕ ಗಿಡಕ್ಯಾಕ ಶಿಕ್ಷಾ, ಇನ್ನೊಂದು ವರ್ಷ ಇರ್ಲಿ, ಮುಂದಿನ ಸಲ ನೋಡೂಣು ಅಂದ್ರು. ಆ ಹೆಣ್ಣಮಗಳೂ ಖುಷಿ ಪಟ್ಟು, ಮುಂದಿನ ಬೆಳಿಗೆ ನಾನ ಬರ್ತೀನಿ ಅಂತ ಹೇಳಿ ರೊಟ್ಟಿ ಊಟ ಮಾಡಿ ಹ್ವಾದ್ರು. ನಾನು ಬಾಯಿ ಬಿಡಲಿಲ್ಲ. ಜೀವಮಾನದಾಗ ಬಾಯಿ ಬಿಡಬೇಕಾದಲ್ಲೆ ಸುಮ್ನ ಕುಂತಿದ್ದು ಅದೊಂದ ಸಲ.

ಗಿಡ ಉಳದ್ವು. ಬಸ್ ಸ್ಟ್ಯಾಂಡಿಗೆ ಅವರನ್ನ ಬಿಟ್ಟು ಬರೂಮುಂದ ನನಗ ಹಾರಾಡೂ ಅಷ್ಟು ಸಂತೋಷ ಆಗಿತ್ತು, ಖರೇ ಹೇಳ್ತೀನಿ. ಅತ್ತಿಗೆ ಏನೋ ಹೇಳಬೇಕಂತ ಅಡಗಿ ಮನಿಗೆ ಹ್ವಾದೆ. ಅವರು ರೊಟ್ಟಿ ಹಿಟ್ಟು ನಾದಾಕ ಹತ್ತಿದ್ರು. ಆತು ಬಿಡು, ಗಿಡ ಉಳದ್ವಲ್ಲ ಅಂದು ಮುಂದಿನ ಮಾತು ಎತ್ತಗೊಡಲಿಲ್ಲ.

ಆದ್ರ ಭಾವನವರಿಗೆ ಈ ಕಥಿ ಭಾಳ ರುಚಿ ಹತ್ತಿತು. ಅವ್ವನ ಮ್ಯಾಲೆ ಅವರಿಗೆ ಜೀವ, ಅದಕ್ಕ ಚಾಷ್ಟಿ. ಅಂಗಡಿ ಕಟ್ಟಿ ಮ್ಯಾಲೆ ಕುಂತು, ನಮ್ಮವ್ವ ಕಾಫಿಗೆ ಎಣ್ಣಿ ಹಚ್ಚಿ ಜಳಕಾ ಮಾಡಿಸ್ಯಾಳ ಅಂತ ಕಂಡವರಿಗೆಲ್ಲಾ ಹೇಳಿದ್ರು. ಎರಡ ದಿನದಾಗ ಊರಿಗೆಲ್ಲಾ ಗೊತ್ತಾತು. ಓಣಿ ಹೆಣ್ಣಮಕ್ಕಳು ಬಂದು ಬಂದು, ಅತ್ಯಾರ ನೀವು ಒಣಗಿದ ಕಾಳು ತೋಯಿಸಿದ್ರಂತ ಹೌದೇನ್ರಿ ಅಂತ ನಗೋರು. ಅತ್ತಿನೂ ನಗೋರು. ವಯಸ್ಸಾತಲ್ಲವಾ, ಮರವು ಅಂತ ಹೇಳೋರು. ಒಬ್ಬಾಕಿ ಹೆಸರು ಕಾಳಿನ ಗಂಟು ತಂದಾಕಿ, ಅತ್ತಿಗೆ ತೋರಸದ, ಹಂಗ ಕುಂತು ಮಾತಾಡಿ ಗಂಟು ಬಗಲಾಗ ಇಟಗೊಂಡು ತಿರುಗಿ ಹ್ವಾದ್ಳು. ನಾನು ಒಳಗ ನಿಂತು ನೋಡಿದೆ. ಅತ್ತಿ ಕಣ್ಣು ಆ ಗಂಟಿನ ಮ್ಯಾಲೆ ಇತ್ತು.

ನನಗ ಅನ್ನ ಸೇರವಲ್ದು. ಹೊಲಕ್ಕ ಹೋದ್ರ ಗಿಡ ನೋಡಾಕ ಮನಸ್ಸಿಲ್ಲ, ಮನಿಗೆ ಬಂದ್ರ ಅತ್ತಿ ಮಾರಿ ನೋಡಾಕ ಧೈರ್ಯ ಇಲ್ಲ. ಕುಂತ್ರ ಏಳಬೇಕು, ಎದ್ರ ಎಲ್ಲಿಗೆ ಹೋಗಬೇಕೋ ತಿಳೀವಲ್ದು. ನಮ್ಮ ಮನಿಯವರಿಗೆ ಎಲ್ಲಾ ಹೇಳಿಕೊಂಡೆ. ಅವರು ಪೇಪರ್ ಮಡಚಿಟ್ಟು, ಅವ್ವ ತಾನಾಗಿ ಹೊತಗೊಂಡಾಳ, ನೀ ಈಗ ಇಳಸಾಕ ಹೋಗಬ್ಯಾಡ ಅಂದ್ರು. ಕೂತಲ್ಲೆ ಕೂಡೂ ಮನಷ್ಯಾನ ಮಾತು ಅಂತ ನಾನು ಅದನ್ನ ಕಿವಿಗೆ ಹಾಕಿಕೊಳ್ಳಲಿಲ್ಲ.

ಐದನೇ ದಿನ ಮುಂಜಾನಿ ಭಾವನವರು ದನದ ಕೊಟಗಿ ಹಸನು ಮಾಡಾಕ ಹತ್ತಿದ್ರು. ನಾನು ಹೋಗಿ ನಿಂತು ಎಲ್ಲಾ ಹೇಳಿದೆ. ತೊಳದಾಕಿ ನಾನು, ಅತ್ತಿ ಬ್ಯಾಡ ಅಂದ್ರೂ ತೊಳದೆ, ಅದಕ್ಕಿಂತ ಮೊದಲ ಎಣ್ಣಿ ಹಚ್ಚಿದ್ದಕ್ಕ ಅವರಿಗೆ ಬಾಯಿಗೆ ಬಂದಂಗ ಅಂದೆ, ಏನೇನ ಅಂದೆ ಅನ್ನೂದನ್ನೂ ಹೇಳಿದೆ. ಹೇಳಿಕೋತ ಹೋದಂಗ ಎದಿ ಹಗರ ಆತು. ಇನ್ನ ಊರಾಗ ಅತ್ತಿ ಹೆಸರು ಸರಿ ಆಗ್ತೈತಿ ಅಂತ ನನ್ನ ತಲ್ಯಾಗ.

ಭಾವನವರು ಸಲಿಕಿ ಗ್ವಾಡಿಗೆ ಆನಿಸಿ ಇಟ್ರು.

"ಆ ಗಿಡದ ಸಲುವಾಗಿ ನಮ್ಮವ್ವಗ ಬೈದಿ. ಆಮ್ಯಾಲೆ ಅದ ಗಿಡದ ಸಲುವಾಗಿ ಅಕಿ ಸುಳ್ಳ ಹೇಳೂಮುಂದ ಸುಮ್ನ ಕುಂತಿ. ಹೌದಿಲ್ಲೋ?"

ಹೌದ್ರಿ ಅಂದೆ. ಮತ್ತೇನೂ ಕೇಳಲಿಲ್ಲ. ನನ್ನ ಮ್ಯಾಲೆ ಕೂಗಾಡಿದ್ರ ಛಲೋ ಇತ್ತು. ಮಾರಿ ತೊಳಕೊಂಡು, ಚಹಾ ಸುದ್ದಾ ಕುಡೀದ ಹೊರಗ ಹ್ವಾದ್ರು.

ಮರುದಿನ ಮುಂಜಾನಿ ಜೆಸಿಬಿ ಬಂತು. ನಾನು ಓಡಿ ಹೊಲಕ್ಕ ಹೋದೆ, ಅತ್ತಿನೂ ನನ್ನ ಹಿಂದ ಬಂದ್ರು, ಅಷ್ಟು ಬಿರಬಿರ ನಡದದ್ದನ್ನ ನಾನು ಎಂದೂ ನೋಡಿರಲಿಲ್ಲ. ಬಿಡೋ ಯಪ್ಪಾ ಅಂತ ಎರಡು ಸಲ ಅಂದ್ರು. ಭಾವನವರು, ಯವ್ವಾ ನೀ ಮನಿಗೆ ನಡಿ ಅಂದ್ರು, ಅಷ್ಟ. ಹನ್ನೊಂದು ಗಿಡಕ್ಕ ಅರ್ಧಾ ತಾಸೂ ಹಿಡೀಲಿಲ್ಲ. ಕೊಂಬಿಗೆಲ್ಲಾ ಮುಂದಿನ ವರ್ಷದ ಕಾಯಿ ಕಟ್ಟಿದ್ವು, ಹಸರಗ, ಕಡ್ಲಿ ಗಾತ್ರ. ಬೇರು ಎಷ್ಟು ಆಳ ಹೋಗಿದ್ವು ಅನ್ನೂದು ನನಗ ಆವಾಗ ಗೊತ್ತಾತು. ನಾನು ಬದುವಿನ ಮ್ಯಾಲೆ ಕುಂತು ಬಿಕ್ಕಿ ಬಿಕ್ಕಿ ಅತ್ತೆ. ಅತ್ತಿ ಅಳಲಿಲ್ಲ. ನನ್ನ ರಟ್ಟಿ ಹಿಡದು ಎಬ್ಬಿಸಿ ಮನಿಗೆ ಕರಕೊಂಡು ಬಂದ್ರು.

ಅವತ್ತ ಅವರು ಹಣಿಗೆ ವಿಭೂತಿ ಹಚ್ಚಿರಲಿಲ್ಲ, ಪೂಜಾಕ್ಕ ಕೂಡೂ ಹೊತ್ತಿನ್ಯಾಗ ಎದ್ದು ಬಂದಿದ್ರು. ಕಟ್ಟಿ ಮ್ಯಾಲೆ ಕುಂತ್ರು. ನಾನು ಕೆಳಗ ಕುಂತೆ. ಸುಮ್ನಿರಾಕ ಆಗಲಿಲ್ಲ ನನಗ. ಅತ್ತೀ, ನಿಮ್ಮ ಮ್ಯಾಲೆ ಬಂದ ತಪ್ಪು ಇಳೀಲಿ ಅಂತ ಹೇಳಿದ್ನಿರಿ, ನಿಮ್ಮ ಸಲುವಾಗಿ ಹೇಳಿದ್ನಿರಿ ಅಂದೆ. ಅವರು ನನ್ನ ಕಡೆ ತಿರುಗಿ, ಮೊದಲನೇ ಸಲ ನೆಟ್ಟಗ ನೋಡಿದ್ರು. ಸಿಟ್ಟು ಇರಲಿಲ್ಲ ಆ ಮಾರ್ಯಾಗ.

"ನನಗ ಅದು ಭಾರ ಆಗಿರಲಿಲ್ಲವಾ. ನಿನಗ ಆಗಿತ್ತು. ಇಷ್ಟ ವಯಸ್ಸಿನ್ಯಾಗ ಲಿಂಗ ಕಟಗೊಂಡು ಒಂದ ಒಂದು ಸುಳ್ಳ ಹೇಳಿದ್ನಿ, ಅದೂ ನಿನ್ನ ಸಲುವಾಗಿ. ಅದನ್ನೂ ಕಾಯಾಕ ಆಗಲಿಲ್ಲ ನಿನಗ."

ಹಂಗಂದು ಸೆರಗು ಬಾಯಿಗೆ ಹಿಡಕೊಂಡ್ರು. ಗಿಡ ಕೀಳೂಮುಂದ ಕಣ್ಣೀರು ಹಾಕದ ಅತ್ತಿ ಆವಾಗ ಅತ್ತರು.